ಡಿಸ್ಕಿನ ಆಯುಸ್ಸು, ಮಾಹಿತಿಯ ಆಯುಸ್ಸು

ಕೊಯಮತ್ತೂರು ಜಿಲ್ಲೆಯಲ್ಲಿ ಮೇಟ್ಟುಪಾಳಯಂ ದಾಟಿ ಭವಾನಿ ನದಿಯ ಕಡೆ ಹೋದರೆ ಸಿರುಮುಗೈ ಸಿಗುತ್ತದೆ. ರೇಷ್ಮೆ ಸೀರೆಗೆ ಹೆಸರಾದ ಊರು. ಈ ಸೀಮೆಯ ನೇಕಾರರಲ್ಲಿ ದೇವಾಂಗ ಕುಟುಂಬಗಳು ಬಹಳ. ಅನೇಕರ ಮನೆಮಾತು ಇಂದಿಗೂ ಕನ್ನಡ. ಇಲ್ಲಿನ ಮಗ್ಗಗಳ ಮೇಲೆ ಕೂತಿರುವ ಜಕಾರ್ಡ್ ಯಂತ್ರಕ್ಕೆ ಸೆರಗಿನ ಬುಟ್ಟಾ ಎಲ್ಲಿ, ಅಂಚಿನ ಬಳ್ಳಿ ಎಲ್ಲಿ ಎಂದು ಹೇಳುತ್ತಿದ್ದದ್ದು ತೂತು ಹೊಡೆದ ರಟ್ಟಿನ ಕಾರ್ಡುಗಳ ಸರಪಳಿ. ತೂತು ಇದ್ದಲ್ಲಿ ಹಾಸಿನ ನೂಲು ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. 1804ರಲ್ಲಿ ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ ರೂಪಿಸಿದ ಈ ಏರ್ಪಾಡು ಮುಂದೆ ಲೆಕ್ಕದ ಯಂತ್ರಗಳಿಗೂ ದಾರಿ ತೋರಿಸಿತು. ಕಂಪ್ಯೂಟರಿನ ಮೊದಲ ದಶಕಗಳಲ್ಲಿ ಬಹಳಷ್ಟು ಮಾಹಿತಿ ಕೂತಿದ್ದದ್ದು ತೂತಿನ ಕಾರ್ಡುಗಳಲ್ಲೇ.

ಆ ಕಾರ್ಡುಗಳ ಜಾಗಕ್ಕೆ ಬಂದದ್ದು ಹಾರ್ಡ್ ಡಿಸ್ಕ್. 1956ರ ಸೆಪ್ಟೆಂಬರ್‌ನಲ್ಲಿ ಐಬಿಎಂ ಕಂಪನಿ ರಾಮ್ಯಾಕ್ ಎಂಬ ಕಂಪ್ಯೂಟರನ್ನು ಹೊರತಂದಿತು. ಅದರ ಡಿಸ್ಕ್ ಘಟಕದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳು, ಒಂದು ಟನ್ ಮೀರಿದ ತೂಕ. ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಒಂದು ಕಾರ್ಡಿಗೆ 80 ಅಕ್ಷರ ಎಂದರೆ ಅದು 62,500 ಕಾರ್ಡುಗಳಿಗೆ ಸಮ.

ಇಂದು ವಿನ್ಯಾಸ ಕಂಪ್ಯೂಟರಿನಲ್ಲಿ ಮೂಡುತ್ತದೆ, ಎಲೆಕ್ಟ್ರಾನಿಕ್ ಜಕಾರ್ಡಿಗೆ ಫೈಲಾಗಿ ಹೋಗುತ್ತದೆ. ಪಕ್ಕದ ತಿರುಪ್ಪೂರಿನಲ್ಲಂತೂ ಬನಿಯನ್ ಕಂಪನಿಯ ಬದುಕೆಲ್ಲ ಫೈಲುಗಳಲ್ಲಿದೆ: ಅಳತೆಗಳ ಪ್ಯಾಟರ್ನು, ಬಟ್ಟೆ ಪೋಲಾಗದಂತೆ ಕತ್ತರಿಸುವ ಮಾರ್ಕರ್, ಎಂಬ್ರಾಯ್ಡರಿಯ ಹೊಲಿಗೆ ಕಡತ, ಪ್ರಿಂಟಿಂಗಿನ ಬಣ್ಣ ಬೇರ್ಪಡಿಸಿದ ಚಿತ್ರಗಳು, ಬೈಯರ್ ಕಳಿಸಿದ ಟೆಕ್‌ಪ್ಯಾಕ್, ಜಿಎಸ್‌ಟಿ ಲೆಕ್ಕ. ಭಾರತದ ಹತ್ತಿ ಹೊಸಿಯರಿ ರಫ್ತಿನ ಅರ್ಧಕ್ಕೂ ಹೆಚ್ಚು ಸಾಗುವುದು ಈ ಊರಿನಿಂದ. ಹಳೆಯ ಆರ್ಡರು ಮರಳಿ ಬಂದಾಗ ಹಳೆಯ ಫೈಲು ಸಿಗದಿದ್ದರೆ ಸ್ಯಾಂಪಲ್ಲಿನಿಂದಲೇ ಕೆಲಸ ಮತ್ತೆ ಶುರುವಾಗಬೇಕು. ಕಾರ್ಡು ಹರಿದರೆ ನೆಯ್ಗೆಯ ಒಂದು ಸಾಲು ಕೆಡುತ್ತಿತ್ತು. ಡಿಸ್ಕ್ ಕೆಟ್ಟರೆ ಹತ್ತು ವರ್ಷದ ಕೆಲಸ ಒಂದೇ ಬೆಳಿಗ್ಗೆ ಇಲ್ಲವಾಗುತ್ತದೆ.

ಆದ್ದರಿಂದಲೇ ಅಂಗಡಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ, "ಯಾವ ಕಂಪನೀದು ತಗೊಂಡ್ರೆ ಬಾಳಿಕೆ ಬರುತ್ತೆ ಅಣ್ಣ?" ಪ್ರಶ್ನೆ ನ್ಯಾಯವಾದದ್ದೇ. ಆದರೆ ಸರಿಯಾದ ಉತ್ತರ ಕಂಪನಿಯ ಹೆಸರಲ್ಲಿಲ್ಲ. ಎಲ್ಲಿದೆ ಎಂದು ಕಾಣಬೇಕಾದರೆ ಡಿಸ್ಕಿನ ಒಳಗೆ ಇಣುಕಬೇಕು.

ತಟ್ಟೆಯ ಮೇಲೆ ನಡೆಯುವುದೇನು

ಹಾರ್ಡ್ ಡಿಸ್ಕಿನ ಒಳಗೆ ಅಲ್ಯೂಮಿನಿಯಂ ಅಥವಾ ಗಾಜಿನ ತಟ್ಟೆಗಳಿವೆ. ಅವುಗಳ ಮೇಲೆ ಕೋಬಾಲ್ಟ್ ಮಿಶ್ರಲೋಹದ ತೆಳ್ಳನೆಯ ಕಾಂತೀಯ ಲೇಪ. ಆ ಲೇಪದ ಪುಟ್ಟ ಪುಟ್ಟ ಪ್ರದೇಶಗಳು ಯಾವ ದಿಕ್ಕಿಗೆ ಕಾಂತೀಕರಣಗೊಂಡಿವೆ ಎಂಬುದೇ ಸೊನ್ನೆ ಮತ್ತು ಒಂದುಗಳ ಬರಹ. ಓದಿ ಬರೆಯುವ ಹೆಡ್ ತಟ್ಟೆಗೆ ತಾಗುವುದಿಲ್ಲ. ತಿರುಗುವ ತಟ್ಟೆ ಎಳೆದುಕೊಂಡು ಬರುವ ಗಾಳಿಯ ಪದರದ ಮೇಲೆ ತೇಲುತ್ತದೆ. ನಡುವಿನ ಅಂತರ ಕೆಲವೇ ನ್ಯಾನೋಮೀಟರ್. ತಲೆಗೂದಲಿನ ದಪ್ಪ 70–80 ಸಾವಿರ ನ್ಯಾನೋಮೀಟರ್ ಎಂದು ನೆನೆದರೆ ಆ ಅಂತರದ ಅಳತೆ ಮನಸ್ಸಿಗೆ ಬರುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಮೂರೂವರೆ ಅಂಗುಲದ ಡಿಸ್ಕಿನಲ್ಲಿ ತಟ್ಟೆಯ ಹೊರಅಂಚು ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗದಲ್ಲಿ ಹೆಡ್ಡಿನ ಕೆಳಗೆ ಹಾಯುತ್ತದೆ.

ಇಷ್ಟು ಸಣ್ಣ ಕಾಂತೀಯ ಗುರುತನ್ನು ಓದಲು ನೆರವಾದದ್ದು ಆಲ್ಬರ್ಟ್ ಫೆರ್ ಮತ್ತು ಪೀಟರ್ ಗ್ರೂನ್‌ಬರ್ಗ್ 1988ರಲ್ಲಿ ಬೇರೆ ಬೇರೆಯಾಗಿ ಕಂಡುಕೊಂಡ ದೈತ್ಯ ಕಾಂತರೋಧ ಎಂಬ ಪರಿಣಾಮ. ಕಾಂತಕ್ಷೇತ್ರ ತುಸು ಬದಲಾದರೂ ತೆಳು ಲೋಹದ ಪದರಗಳ ವಿದ್ಯುತ್ ರೋಧ ಗಮನಾರ್ಹವಾಗಿ ಬದಲಾಗುತ್ತದೆ. 2007ರ ಭೌತವಿಜ್ಞಾನದ ನೊಬೆಲ್ ಇವರಿಬ್ಬರಿಗೆ ಸಂದಿತು.

ಇಂಥ ಯಂತ್ರ ಹಲವು ಬಗೆಯಲ್ಲಿ ಕೆಡಬಹುದು. ಕೆಳಗೆ ಬಿದ್ದರೆ ಹೆಡ್ ತಟ್ಟೆಗೆ ತಾಗಿ ಲೇಪ ಕೆರೆದುಹೋಗುತ್ತದೆ. ಮೋಟಾರು ನಿಲ್ಲಬಹುದು. ವೋಲ್ಟೇಜ್ ಏರಿಳಿತಕ್ಕೆ ಎಲೆಕ್ಟ್ರಾನಿಕ್ ಬೋರ್ಡು ಸುಡಬಹುದು. ಡಿಸ್ಕಿನೊಳಗಿನ ತಂತ್ರಾಂಶದಲ್ಲೇ ದೋಷವಿರಬಹುದು. ಇವುಗಳಲ್ಲಿ ಕೆಲವು ಮುನ್ಸೂಚನೆ ಕೊಡುತ್ತವೆ, ಹಲವು ಕೊಡುವುದಿಲ್ಲ.

ಹತ್ತು ಲಕ್ಷ ಗಂಟೆಯ ಲೆಕ್ಕ

ಡಿಸ್ಕಿನ ವಿವರಪತ್ರದಲ್ಲಿ ಎಂಟಿಬಿಎಫ್ (ಎರಡು ಕೆಡುವಿಕೆಗಳ ನಡುವಿನ ಸರಾಸರಿ ಅವಧಿ) ಎಂಬ ಅಂಕಿ ಇರುತ್ತದೆ: ಉದಾಹರಣೆಗೆ, 10 ಲಕ್ಷ ಗಂಟೆ. ವರ್ಷಕ್ಕೆ ಭಾಗಿಸಿದರೆ 114 ವರ್ಷ! ಈ ಡಿಸ್ಕ್ ನೂರು ವರ್ಷ ಬಾಳುತ್ತದೆ ಎಂದು ಇದರ ಅರ್ಥವಲ್ಲ. ಒಂದು ಸಾವಿರ ಡಿಸ್ಕುಗಳನ್ನು ಒಂದು ವರ್ಷ ಬಿಡದೆ ಓಡಿಸಿದರೆ ಸುಮಾರು ಒಂಬತ್ತು ಕೆಡುತ್ತವೆ ಎಂದು ಅರ್ಥ, ಅಂದರೆ ವರ್ಷಕ್ಕೆ ಶೇ. 0.88.

ತಿರುಪ್ಪೂರಿನವರಿಗೆ ಈ ಮಾತು ಹೊಸದಲ್ಲ. 3,000 ಟೀ ಶರ್ಟಿನ ಆರ್ಡರು ಸಿದ್ಧವಾದಾಗ ಬೈಯರ್ ಕಡೆಯ ಗುಣಮಟ್ಟ ಪರೀಕ್ಷಕ (ಕ್ಯೂಸಿ) ಬಂದು ಎಲ್ಲವನ್ನೂ ಬಿಚ್ಚಿ ನೋಡುವುದಿಲ್ಲ. ಎಕ್ಯೂಎಲ್ (ಒಪ್ಪಬಹುದಾದ ದೋಷದ ಮಿತಿ) 2.5ರ ಕೋಷ್ಟಕದಂತೆ 125 ಪೀಸು ತೆಗೆದು ನೋಡುತ್ತಾನೆ. ದೋಷದವು ಏಳರೊಳಗಿದ್ದರೆ ಲಾಟ್ ಪಾಸ್, ಎಂಟಾದರೆ ಫೇಲ್. ಪಾಸಾದ ಲಾಟಿನಲ್ಲೂ ಹೊಲಿಗೆ ಬಿಟ್ಟ ಅಂಗಿ ಇರಬಹುದು, ಅದು ಯಾವ ಗಿರಾಕಿಯ ಕೈಗೆ ಹೋಗುತ್ತದೋ ಯಾರಿಗೂ ಗೊತ್ತಿಲ್ಲ. ಡಿಸ್ಕಿನ ಎಂಟಿಬಿಎಫ್ ಕೂಡ ಇಡೀ ಲಾಟಿನ ಗುಣ. ನಿಮ್ಮ ಕೈಯಲ್ಲಿರುವ ಒಂದು ಡಿಸ್ಕಿನ ಬಗ್ಗೆ ಅದು ಭರವಸೆ ಕೊಡುವುದಿಲ್ಲ.

ಕಾಗದದ ಅಂಕಿ ವಾಸ್ತವಕ್ಕೆ ಎಷ್ಟು ಹತ್ತಿರ? ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ 2007ರಲ್ಲಿ ದೊಡ್ಡ ಕಂಪ್ಯೂಟರ್ ಕೇಂದ್ರಗಳ ದಾಖಲೆಗಳನ್ನು ತೆರೆದು ನೋಡಿದರು. ಡಿಸ್ಕ್ ಬದಲಿಸಿದ ಪ್ರಮಾಣ ವರ್ಷಕ್ಕೆ ಶೇ. 1ಕ್ಕಿಂತ ಹೆಚ್ಚೇ ಇತ್ತು; ಶೇ. 2ರಿಂದ 4 ಸಾಮಾನ್ಯ, ಕೆಲವು ಕಡೆ ಶೇ. 13. ಈಚಿನ ಚಿತ್ರ ತುಸು ಉತ್ತಮ. ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಸಂಗ್ರಹಣಾ ಕಂಪನಿ 2013ರಿಂದ ತನ್ನ ಡಿಸ್ಕುಗಳ ಲೆಕ್ಕವನ್ನು ಬಹಿರಂಗವಾಗಿ ಇಡುತ್ತ ಬಂದಿದೆ. ಈಗ ಮೂರು ಲಕ್ಷ ದಾಟಿರುವ ಅದರ ಡಿಸ್ಕುಗಳಲ್ಲಿ ವರ್ಷಕ್ಕೆ ಕೆಡುವುದು ಶೇ. 1.5ರ ಆಸುಪಾಸು.

ಶೇ. 1.5 ಕಡಿಮೆ ಅನ್ನಿಸುತ್ತದೆ. ಆದರೆ ಒಂದು ಆಫೀಸಿನಲ್ಲಿ ಹತ್ತು ಡಿಸ್ಕ್ ಐದು ವರ್ಷ ಓಡಿದರೆ ಅವುಗಳಲ್ಲಿ ಒಂದಾದರೂ ಕೆಡುವ ಸಾಧ್ಯತೆ ಶೇ. 53. ಅರ್ಧಕ್ಕಿಂತ ಹೆಚ್ಚು. ಎಷ್ಟು ಒಳ್ಳೆಯ ಡಿಸ್ಕ್ ಕೊಂಡರೂ ಈ ಲೆಕ್ಕದಿಂದ ಪೂರ್ತಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಹೆಸರು ನೋಡಿ ಕೊಳ್ಳಬಹುದೇ?

ಒಂದು ಕಾಲದಲ್ಲಿ ಡಿಸ್ಕ್ ಮಾಡುವ ಕಂಪನಿಗಳು ಹತ್ತಾರು ಇದ್ದವು. ಈಗ ಉಳಿದಿರುವುದು ಮೂರು: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಶಿಬಾ. ಮೂವರಲ್ಲಿ ಒಬ್ಬರೇ ಒಳ್ಳೆಯವರು ಎಂಬುದಕ್ಕೆ ಇತಿಹಾಸ ಸಾಕ್ಷಿ ಹೇಳುವುದಿಲ್ಲ.

ಹಾರ್ಡ್ ಡಿಸ್ಕನ್ನು ಲೋಕಕ್ಕೆ ಕೊಟ್ಟ ಐಬಿಎಂ 2000ದಲ್ಲಿ ಹೊರತಂದ ಡೆಸ್ಕ್‌ಸ್ಟಾರ್ 75ಜಿಎಕ್ಸ್‌ಪಿ ಎಷ್ಟು ಕೆಟ್ಟಿತೆಂದರೆ ಗಿರಾಕಿಗಳು ಒಟ್ಟಾಗಿ ನ್ಯಾಯಾಲಯಕ್ಕೆ ಹೋದರು. ಐಬಿಎಂ ತನ್ನ ಡಿಸ್ಕ್ ವಿಭಾಗವನ್ನೇ ಹಿಟಾಚಿಗೆ ಮಾರಿತು. ಹತ್ತು ವರ್ಷ ದಾಟಿದ ಬಳಿಕ, 2014ರ ಆರಂಭದಲ್ಲಿ ಬ್ಯಾಕ್‌ಬ್ಲೇಜ್ ಕೊಟ್ಟ ಲೆಕ್ಕದಲ್ಲಿ ಅತಿ ಕಡಿಮೆ ಕೆಟ್ಟವು ಅದೇ ಹಿಟಾಚಿಯ ಡಿಸ್ಕುಗಳು! ಸೀಗೇಟಿನ ಬಾರಾಕುಡಾ 7200.11 ಮಾದರಿಯಲ್ಲಿ ತಂತ್ರಾಂಶ ದೋಷ ಕಂಡು 2009ರ ಜನವರಿಯಲ್ಲಿ ಕಂಪನಿ ತಿದ್ದುಪಡಿ ಹೊರಡಿಸಬೇಕಾಯಿತು. ಮುಂದೆ ಅದರ 3 ಟಿಬಿಯ ಒಂದು ಮಾದರಿಯೂ ಬ್ಯಾಕ್‌ಬ್ಲೇಜ್ ಪಟ್ಟಿಯಲ್ಲಿ ಕೆಟ್ಟ ಹೆಸರು ಪಡೆಯಿತು. ಅದೇ ಕಂಪನಿಯ ಬೇರೆ ಮಾದರಿಗಳು ಅದೇ ಪಟ್ಟಿಯಲ್ಲಿ ವರ್ಷಗಟ್ಟಲೆ ಚೆನ್ನಾಗಿ ನಡೆದಿವೆ.

ಹಾಗಾಗಿ ಕಂಪನಿಯ ಹೆಸರಿಗಿಂತ ಮಾದರಿ ಸಂಖ್ಯೆ ಮುಖ್ಯ. ಕೊಳ್ಳಬೇಕೆಂದಿರುವ ಡಿಸ್ಕಿನ ಸಂಖ್ಯೆಯನ್ನು ಬರೆದುಕೊಂಡು ಬ್ಯಾಕ್‌ಬ್ಲೇಜ್‌ನ ಇತ್ತೀಚಿನ ಪಟ್ಟಿಯಲ್ಲಿ ಹುಡುಕಿ. ಹೊಚ್ಚ ಹೊಸ ಮಾದರಿಗಿಂತ ಒಂದೆರಡು ವರ್ಷ ಮಾರುಕಟ್ಟೆಯಲ್ಲಿದ್ದು ದೂರು ಬಾರದ ಮಾದರಿ ಮೇಲು. ಒಂದು ಎಚ್ಚರ: ಆ ಡಿಸ್ಕುಗಳು ಓಡಿದ್ದು ತಂಪಾದ, ಕರೆಂಟು ಹೋಗದ ಡೇಟಾ ಕೇಂದ್ರಗಳಲ್ಲಿ. ನಮ್ಮ ಆಫೀಸು ಹಾಗಿಲ್ಲ.

ಅರಳೆ ಧೂಳು, ಬಿಸಿಲು, ಕರೆಂಟು

ನಿಟ್ಟಿಂಗ್ ಮತ್ತು ಕಟ್ಟಿಂಗ್ ನಡೆಯುವ ಕಟ್ಟಡದಲ್ಲಿ ಗಾಳಿಯ ತುಂಬ ಅರಳೆ ಧೂಳು. ಅದು ಡಿಸ್ಕಿನೊಳಗೆ ಹೊಕ್ಕು ತಟ್ಟೆ ಕೆಡಿಸುತ್ತದೆ ಎಂಬ ಭಯ ಬೇಡ. ಸಾಮಾನ್ಯ ಡಿಸ್ಕಿನ ಉಸಿರಾಟದ ತೂತಿಗೆ ಸೂಕ್ಷ್ಮ ಫಿಲ್ಟರ್ ಇರುತ್ತದೆ. ದೊಡ್ಡ ಸಾಮರ್ಥ್ಯದವುಗಳಲ್ಲಿ ಹೀಲಿಯಂ ತುಂಬಿ ಪೂರ್ತಿ ಮುಚ್ಚಿರುತ್ತಾರೆ. ಧೂಳು ಕೆಡುಕು ಮಾಡುವುದು ಹೊರಗೆ. ಫ್ಯಾನಿನ ಎಲೆಗಳಿಗೆ, ಪವರ್ ಸಪ್ಲೈ ಜಾಲರಿಗೆ ಅಂಟಿ ಗಾಳಿ ನಿಲ್ಲಿಸುತ್ತದೆ, ಒಳಗೆ ಬಿಸಿ ಏರುತ್ತದೆ.

ಬಿಸಿ ಎಷ್ಟರವರೆಗೆ ಸಲ್ಲುತ್ತದೆ? 2007ರಲ್ಲಿ ಗೂಗಲ್‌ನ ಮೂವರು ಇಂಜಿನಿಯರುಗಳು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ, ಸಾಧಾರಣ ಬಿಸಿಗೂ ಡಿಸ್ಕ್ ಕೆಡುವುದಕ್ಕೂ ನಂಟು ನಾವು ಅಂದುಕೊಂಡಷ್ಟಿಲ್ಲ ಎಂದು ತೋರಿಸಿದರು. ನಂಟು ಕಂಡದ್ದು ತೀರ ಹೆಚ್ಚಿನ ಬಿಸಿಯಲ್ಲಿ, ಅದರಲ್ಲೂ ಮೂರು ವರ್ಷ ದಾಟಿದ ಡಿಸ್ಕುಗಳಲ್ಲಿ. ಏಪ್ರಿಲ್ ಬಿಸಿಲಿನಲ್ಲಿ ಶೀಟಿನ ಸೂರಿನ ಕೆಳಗೆ, ಧೂಳು ಕಟ್ಟಿದ ಪೆಟ್ಟಿಗೆಯೊಳಗಿನ ಡಿಸ್ಕ್ 50 ಡಿಗ್ರಿ ದಾಟುವುದು ಕಷ್ಟವಲ್ಲ. 45ರ ಒಳಗೆ ಇಟ್ಟುಕೊಳ್ಳುವುದು ಒಳ್ಳೆಯದು. ತಿಂಗಳಿಗೊಮ್ಮೆ ಬ್ಲೋವರ್ ಹಿಡಿದರೆ ಸಾಕು.

ತೇವಾಂಶದ ಕಡೆ ಗಮನ ಕಡಿಮೆ. 2016ರಲ್ಲಿ ಮೈಕ್ರೋಸಾಫ್ಟ್‌ನ ಒಂಬತ್ತು ಡೇಟಾ ಕೇಂದ್ರಗಳ ಅಧ್ಯಯನವೊಂದು ಡಿಸ್ಕ್ ಕೆಡಲು ಬಿಸಿಗಿಂತ ತೇವಾಂಶವೇ ದೊಡ್ಡ ಕಾರಣ ಎಂದು ಕಂಡಿತು. ಪೆಟ್ಟು ಬೀಳುತ್ತಿದ್ದದ್ದು ಹೆಚ್ಚಾಗಿ ಬೋರ್ಡು ಮತ್ತು ಕನೆಕ್ಟರುಗಳಿಗೆ. ನೂಲು ಹರಿಯದಿರಲೆಂದು ನೂಲಿನ ಗಿರಣಿಗಳಲ್ಲಿ ಗಾಳಿಯನ್ನು ತೇವವಾಗಿಯೇ ಇಡುತ್ತಾರೆ. ಡೈಯಿಂಗ್ ಘಟಕದಲ್ಲಿ ಹಬೆ ಮತ್ತು ರಾಸಾಯನಿಕದ ಆವಿ. ಸರ್ವರ್ ಇಡಲು ಈ ಎರಡೂ ಜಾಗ ಸಲ್ಲವು.

ಇನ್ನೊಂದು ಅದುರುವಿಕೆ. 2008ರ ಕೊನೆಯಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಇಂಜಿನಿಯರ್ ಬ್ರೆಂಡನ್ ಗ್ರೆಗ್ ಓಡುತ್ತಿದ್ದ ಡಿಸ್ಕುಗಳ ಮುಂದೆ ಜೋರಾಗಿ ಕೂಗಿ, ಬರೀ ದನಿಗೇ ಅವು ತಡವರಿಸುವುದನ್ನು ಕ್ಯಾಮೆರಾ ಮುಂದೆ ತೋರಿಸಿದರು. ಒಂದು ಅಂಗುಲದಲ್ಲಿ ಲಕ್ಷಗಟ್ಟಲೆ ಜಾಡುಗಳಿರುವಾಗ ಸಣ್ಣ ಅದುರಿಗೂ ಹೆಡ್ ಜಾಡು ತಪ್ಪುತ್ತದೆ. ಹೊಲಿಗೆಯ ಪವರ್ ಟೇಬಲ್‌ಗಳ ಸಾಲು ಅದುರಿಸುವ ನೆಲದ ಮೇಲೆ, ಅದೇ ಮೇಜಿನ ತುದಿಯಲ್ಲಿ, ಡಿಸ್ಕ್ ಇಡಬಾರದು.

ಕೊನೆಯದು ಕರೆಂಟು. 2012ರ ಸುಮಾರಿಗೆ ತಮಿಳುನಾಡಿನ ವಿದ್ಯುತ್ ಕೊರತೆಯಲ್ಲಿ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಉದ್ಯಮ ದಿನದ ಬಹುಭಾಗ ಜನರೇಟರ್ ಮೇಲೆ ನಡೆದದ್ದು ಅನೇಕರಿಗೆ ನೆನಪಿದೆ. ಆ ಕಾಲ ಹೋಯಿತು. ಆದರೆ ಗುಡುಗು ಮಳೆಯ ದಿನ, ಜನರೇಟರಿಗೆ ಬದಲಾಗುವ ಕ್ಷಣ, ಕರೆಂಟು ಇನ್ನೂ ತಟ್ಟನೆ ಹೋಗುತ್ತದೆ. ಆಗ ಡಿಸ್ಕ್ ತಿರುಗುವ ತಟ್ಟೆಯಲ್ಲಿ ಉಳಿದ ಶಕ್ತಿಯಿಂದಲೇ ಹೆಡ್ಡನ್ನು ಸುರಕ್ಷಿತ ಜಾಗಕ್ಕೆ ಎಳೆದುಕೊಳ್ಳುತ್ತದೆ. ಹೆಡ್ ಉಳಿಯುತ್ತದೆ, ಆದರೆ ತಟ್ಟೆಗೆ ಇಳಿಯದೆ ಕ್ಯಾಶ್ ನೆನಪಿನಲ್ಲಿದ್ದ ಬರಹ ಹೋಗುತ್ತದೆ, ಕೆಲವೊಮ್ಮೆ ಕಡತಗಳ ಸೂಚಿಯೂ ಕೆಡುತ್ತದೆ. ದುಬಾರಿ ಡಿಸ್ಕಿಗೆ ಹೆಚ್ಚು ಹಣ ಕೊಡುವ ಮೊದಲು ಒಂದು ಒಳ್ಳೆಯ ಯುಪಿಎಸ್ ಮತ್ತು ಸರಿಯಾದ ಅರ್ಥಿಂಗ್‌ಗೆ ಕೊಡುವುದು ಲಾಭದ ಮಾತು.

ಕೆಲಸ ನೋಡಿ ಡಿಸ್ಕ್

ದಿನದ ಕೆಲಸಕ್ಕೆ, ಅಂದರೆ ವಿಂಡೋಸ್, ಟ್ಯಾಲಿ, ಪ್ಯಾಟರ್ನ್ ತಂತ್ರಾಂಶಗಳಿಗೆ, ಎಸ್‌ಎಸ್‌ಡಿ ತಕ್ಕದ್ದು. ಅದರಲ್ಲಿ ತಿರುಗುವ ಭಾಗವಿಲ್ಲ. ಅದುರಿದರೂ ಬಿದ್ದರೂ ಹೆಚ್ಚು ತಾಳುತ್ತದೆ. ಆದರೆ ಅದರ ಕೋಶಗಳಿಗೆ ಬರೆಯುವ ಮಿತಿ ಇದೆ, ಮತ್ತು ಕೆಟ್ಟಾಗ ಹೆಚ್ಚಾಗಿ ಹೇಳದೆ ಕೆಡುತ್ತದೆ. ಕರೆಂಟಿಲ್ಲದೆ ಇಟ್ಟರೆ ಅದರ ಮಾಹಿತಿ ನಿಧಾನವಾಗಿ ಸೋರುತ್ತದೆ. ಬಳಸಿ ಸವೆದ ಸಾಮಾನ್ಯ ಎಸ್‌ಎಸ್‌ಡಿ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಟ್ಟರೆ ಸಾಕು ಎಂಬುದು ಉದ್ಯಮದ ಮಾನದಂಡ. ಬಿಸಿ ಹೆಚ್ಚಿದಷ್ಟೂ ಈ ಅವಧಿ ಕಡಿಮೆ. ಆದ್ದರಿಂದ ಬೀರುವಿನಲ್ಲಿ ವರ್ಷಗಟ್ಟಲೆ ಇಡುವ ಪ್ರತಿಗೆ ಎಸ್‌ಎಸ್‌ಡಿ ಬೇಡ.

ಹಳೆಯ ಆರ್ಡರುಗಳ ಸಂಗ್ರಹಕ್ಕೆ, ಫೋಟೋ ವಿಡಿಯೋಗಳಿಗೆ ಹಾರ್ಡ್ ಡಿಸ್ಕೇ ಅಗ್ಗ. ಇಲ್ಲಿ ಜಾಡುಗಳು ಬೇರೆ ಬೇರೆಯಾಗಿರುವ ಸಿಎಂಆರ್, ಎಸ್‌ಎಂಆರ್ ಎಂಬ ಎರಡು ಬಗೆ ಇವೆ. ಎಸ್‌ಎಂಆರ್‌ನಲ್ಲಿ ಜಾಡುಗಳು ಒಂದರ ಮೇಲೊಂದು ಭಾಗಶಃ ಹಾಸಿರುತ್ತವೆ. ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಒಮ್ಮೆ ಬರೆದು ಇಡಲು ಅಡ್ಡಿಯಿಲ್ಲ. ಹಲವು ಡಿಸ್ಕುಗಳನ್ನು ಜೋಡಿಸಿದ ಎನ್‌ಎಎಸ್ ಪೆಟ್ಟಿಗೆಯಲ್ಲಿ ಕೆಟ್ಟ ಡಿಸ್ಕನ್ನು ಬದಲಿಸಿ ಮತ್ತೆ ತುಂಬುವಾಗ ತುಂಬ ತಡ ಮಾಡುತ್ತದೆ. ವೆಸ್ಟರ್ನ್ ಡಿಜಿಟಲ್ ಎನ್‌ಎಎಸ್‌ಗೆಂದೇ ಮಾರುತ್ತಿದ್ದ ರೆಡ್ ಸರಣಿಯ ಕೆಲವು ಡಿಸ್ಕುಗಳು ಎಸ್‌ಎಂಆರ್ ಎಂಬುದು 2020ರಲ್ಲಿ ಬಯಲಾಗಿ ದೊಡ್ಡ ಗದ್ದಲವಾಯಿತು. ಆಮೇಲೆ ಕಂಪನಿಗಳು ಯಾವ ಮಾದರಿ ಯಾವ ಬಗೆ ಎಂದು ಪಟ್ಟಿ ಕೊಟ್ಟಿವೆ. ಕೊಳ್ಳುವ ಮುನ್ನ ನೋಡಿ.

ವಾರಂಟಿ ಮತ್ತು ಕೆಲಸದ ಹೊರೆ ಇನ್ನೆರಡು ಸುಳಿವು. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕಿಗೆ ವರ್ಷಕ್ಕೆ 55 ಟಿಬಿ ಹೊರೆ, ಹೆಚ್ಚಾಗಿ ಎರಡು ವರ್ಷದ ವಾರಂಟಿ; ಎನ್‌ಎಎಸ್ ಡಿಸ್ಕಿಗೆ 180 ಟಿಬಿ, ಮೂರು ವರ್ಷ; ದೊಡ್ಡ ಸರ್ವರಿನ ಡಿಸ್ಕಿಗೆ 550 ಟಿಬಿ, ಐದು ವರ್ಷ. ಒಂದು ನೆನಪಿಡಿ: ವಾರಂಟಿಯಲ್ಲಿ ಮರಳಿ ಬರುವುದು ಡಿಸ್ಕ್, ಅದರಲ್ಲಿದ್ದ ಫೈಲು ಬರುವುದಿಲ್ಲ.

ಕೊಳ್ಳುವಾಗ, ಕೊಂಡ ಮೇಲೆ

ಬಳಸಿದ ಡಿಸ್ಕನ್ನು ಹೊಸದೆಂದು ಮಾರುವ ದಂಧೆ ಇದೆ. 2025ರ ಆರಂಭದಲ್ಲಿ ಯುರೋಪಿನಲ್ಲಿ, ಸಾವಿರಾರು ಗಂಟೆ ಓಡಿದ ಸೀಗೇಟ್ ಡಿಸ್ಕುಗಳ ಗಂಟೆ ಲೆಕ್ಕವನ್ನು ಸೊನ್ನೆಗೆ ತಿರುಗಿಸಿ ಹೊಸವೆಂದು ಮಾರಿದ್ದು ಬೆಳಕಿಗೆ ಬಂತು. ಹಾಗಾಗಿ ಕೊಯಮತ್ತೂರಿನ ಗಾಂಧಿಪುರಂನ ಅಂಗಡಿಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಜಿಎಸ್‌ಟಿ ಬಿಲ್ ಪಡೆಯಿರಿ. ಡಿಸ್ಕಿನ ಕ್ರಮಸಂಖ್ಯೆಯನ್ನು ಕಂಪನಿಯ ತಾಣದಲ್ಲಿ ಹಾಕಿ ವಾರಂಟಿ ಯಾವಾಗ ಶುರುವಾಗಿದೆ ಎಂದು ನೋಡಿ. ಮಾರುಕಟ್ಟೆ ಬೆಲೆಗಿಂತ ತೀರ ಅಗ್ಗವಾದದ್ದನ್ನು ಬಿಡಿ.

ಡಿಸ್ಕ್ ತನ್ನ ಆರೋಗ್ಯದ ದಾಖಲೆಯನ್ನು ತಾನೇ ಇಟ್ಟುಕೊಳ್ಳುತ್ತದೆ. ಇದಕ್ಕೆ ಸ್ಮಾರ್ಟ್ ಎಂದು ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶದಲ್ಲಿ ಓದಬಹುದು. ಹೊಸ ಡಿಸ್ಕಿಗೆ ಮೊದಲು ಪೂರ್ಣ ಪರೀಕ್ಷೆ ಓಡಿಸಿ, ಆಮೇಲೆ ಕೆಲಸಕ್ಕೆ ಹಾಕಿ. ಮುಂದೆ ತಿಂಗಳಿಗೊಮ್ಮೆ ಐದು ಸಾಲು ನೋಡಿದರೆ ಸಾಕು: 5, 187, 188, 197, 198. ಸ್ಥಳಾಂತರಿಸಿದ ಸೆಕ್ಟರುಗಳು, ಸರಿಪಡಿಸಲಾಗದ ತಪ್ಪುಗಳು, ಉತ್ತರ ಬಾರದ ಆದೇಶಗಳು, ಬಾಕಿ ಇರುವ ಅನುಮಾನದ ಸೆಕ್ಟರುಗಳ ಎಣಿಕೆ ಇಲ್ಲಿದೆ. ಸೊನ್ನೆಯಾಗಿದ್ದ ಸಾಲು ಏರತೊಡಗಿದರೆ ಅಂದೇ ಪ್ರತಿ ತೆಗೆಯಿರಿ. ಗೂಗಲ್ ಅಧ್ಯಯನದಲ್ಲಿ, ಮೊದಲ ಸ್ಕ್ಯಾನ್ ತಪ್ಪು ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ ಉಳಿದವುಗಳ 39 ಪಟ್ಟು ಇತ್ತು. ಆದರೆ ಅದೇ ಅಧ್ಯಯನದಲ್ಲಿ ಕೆಟ್ಟವುಗಳ ಪೈಕಿ ಅರ್ಧಕ್ಕೂ ಹೆಚ್ಚು ಡಿಸ್ಕುಗಳಲ್ಲಿ ಪ್ರಬಲವಾದ ನಾಲ್ಕು ಸೂಚನೆಗಳಲ್ಲಿ ಒಂದೂ ಕಂಡಿರಲಿಲ್ಲ. ಸೂಚನೆ ಬಂದರೆ ನಂಬಬೇಕು, ಬಾರದಿದ್ದರೆ ನಿಶ್ಚಿಂತರಾಗಬಾರದು.

ಎರಡನೆಯ ಪ್ರತಿ, ಮೂರನೆಯ ಪ್ರತಿ

ಲೆಕ್ಕದ ಇನ್ನೊಂದು ಮುಖ ನಮ್ಮ ಪರವಾಗಿದೆ. ವರ್ಷಕ್ಕೆ ಶೇ. 1.5ರಂತೆ ಕೆಡುವ ಎರಡು ಡಿಸ್ಕುಗಳಲ್ಲಿ ಒಂದೇ ಫೈಲು ಇದ್ದರೆ ಒಂದೇ ವರ್ಷದಲ್ಲಿ ಎರಡೂ ಕೆಡುವ ಸಾಧ್ಯತೆ ಸುಮಾರು 4,400ರಲ್ಲಿ ಒಂದು. ಮೊದಲನೆಯದು ಕೆಟ್ಟೊಡನೆ ಹೊಸ ಪ್ರತಿ ಮಾಡಿದರೆ ಇನ್ನೂ ಕಡಿಮೆ. ಎಷ್ಟು ದುಬಾರಿಯ ಒಂಟಿ ಡಿಸ್ಕೂ ಕೊಡಲಾಗದ ಭದ್ರತೆಯನ್ನು ಎರಡು ಸಾಧಾರಣ ಡಿಸ್ಕುಗಳು ಕೊಡುತ್ತವೆ.

ಆದರೆ ಎರಡೂ ಬೇರೆ ಬೇರೆ ಕಾರಣಕ್ಕೆ ಕೆಡುತ್ತವೆ ಎಂದಾದರೆ ಮಾತ್ರ ಈ ಗುಣಾಕಾರ ನಿಜ. ಒಂದೇ ದಿನ ಕೊಂಡ ಒಂದೇ ಬ್ಯಾಚಿನ ಡಿಸ್ಕುಗಳು, ಒಂದೇ ಪೆಟ್ಟಿಗೆಯಲ್ಲಿ, ಒಂದೇ ಸ್ವಿಚ್ಚಿನಲ್ಲಿ ಇದ್ದರೆ ಒಂದು ಸಿಡಿಲಿಗೆ ಎರಡೂ ಹೋಗುತ್ತವೆ. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ಬಂದರೆ ಎರಡಕ್ಕೂ ಒಟ್ಟಿಗೇ ಬೀಗ ಬೀಳುತ್ತದೆ. ಎನ್‌ಎಎಸ್‌ನ ರೈಡ್ ಜೋಡಣೆಯನ್ನು ಬ್ಯಾಕಪ್ ಎಂದು ಕರೆಯಲಾಗದ್ದು ಇದಕ್ಕೇ: ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಂತೆ ಅದು ನೋಡಿಕೊಳ್ಳುತ್ತದೆ, ಅಳಿಸಿದ ಫೈಲನ್ನು ಮರಳಿ ಕೊಡುವುದಿಲ್ಲ.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ಸೂತ್ರ ಇಲ್ಲಿ ನೆರವಿಗೆ ಬರುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ತಿರುಪ್ಪೂರಿನ ಒಂದು ಘಟಕಕ್ಕೆ ಇದು ಹೀಗೆ: ಕೆಲಸದ ಎಸ್‌ಎಸ್‌ಡಿಯಲ್ಲಿ ಒಂದು, ದಿನವೂ ತಾನಾಗಿ ಪ್ರತಿ ತೆಗೆಯುವ ಎನ್‌ಎಎಸ್ ಡಿಸ್ಕಿನಲ್ಲಿ ಇನ್ನೊಂದು, ವಾರಕ್ಕೊಮ್ಮೆ ಹಚ್ಚಿ, ಪ್ರತಿ ತೆಗೆದು, ಕೇಬಲ್ ಕಳಚಿ, ಐವತ್ತು ಕಿಲೋಮೀಟರ್ ದೂರದ ಕೊಯಮತ್ತೂರಿನ ಮನೆಯಲ್ಲೋ ಬೇರೊಂದು ಊರಿನಲ್ಲೋ ಇಡುವ ಪೋರ್ಟಬಲ್ ಡಿಸ್ಕಿನಲ್ಲಿ ಮೂರನೆಯದು. ಇಂಟರ್ನೆಟ್ ಚೆನ್ನಾಗಿದ್ದರೆ ಮೂರನೆಯದು ಕ್ಲೌಡಿನಲ್ಲೂ ಇರಬಹುದು. ಸಿರುಮುಗೈ ನೇಕಾರರ ಮನೆಗಾದರೆ ವಿನ್ಯಾಸದ ಫೈಲುಗಳು ಚಿಕ್ಕವು. ಎರಡು ಸಾಧಾರಣ ಡಿಸ್ಕ್, ಜೊತೆಗೊಂದು ಕ್ಲೌಡ್ ಖಾತೆ ಇದ್ದರೆ ಆಯಿತು.

ಮೂರು ತಿಂಗಳಿಗೊಮ್ಮೆ ಆ ಪ್ರತಿಯಿಂದ ಒಂದು ಹಳೆಯ ಫೈಲು ಆರಿಸಿ, ತೆರೆದು, ಪೂರ್ತಿ ಓದುತ್ತದೆಯೇ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಎಣಿಸಬೇಡಿ. ಐದು ವರ್ಷ ದಾಟಿದ ಡಿಸ್ಕನ್ನು, ಚೆನ್ನಾಗಿ ಓಡುತ್ತಿದ್ದರೂ, ಮುಖ್ಯ ಕೆಲಸದಿಂದ ಇಳಿಸಿ ಹೆಚ್ಚುವರಿ ಪ್ರತಿಗೆ ಬಳಸಿ.

ಇನ್ನು ಅಂಗಡಿಯ ಪ್ರಶ್ನೆಗೆ ಉತ್ತರ. ಮೂರು ಕಂಪನಿಗಳಲ್ಲಿ ಯಾವುದಾದರೂ ಆಗಲಿ, ದಾಖಲೆ ಇರುವ ಮಾದರಿಯೊಂದನ್ನು ಕೆಲಸಕ್ಕೆ ತಕ್ಕಂತೆ ಆರಿಸಿ, ಬಿಲ್ ಸಮೇತ ಕೊಳ್ಳಿ. ಒಂದಕ್ಕೆ ಇಟ್ಟ ದುಡ್ಡಿನಲ್ಲಿ ಎರಡು ಬರುವುದಾದರೆ ಎರಡನ್ನೇ ತನ್ನಿ, ಅದೂ ಬೇರೆ ಬೇರೆ ಕಂಪನಿಯವು. ಪ್ರತಿಯೊಂದು ಡಿಸ್ಕೂ ಒಂದು ದಿನ ಕೆಡುತ್ತದೆ. ಅದರೊಳಗಿನ ಕೆಲಸ ಅದರೊಂದಿಗೆ ಹೋಗಬೇಕಾಗಿಲ್ಲ. ಈ ಅಧ್ಯಾಯ ಓದಿ ಮುಗಿಸಿದವರು ಬೇರೇನೂ ಮಾಡದಿದ್ದರೂ ಚಿಂತೆಯಿಲ್ಲ, ಇಂದೇ ನಿಮ್ಮ ಅತಿ ಮುಖ್ಯ ಫೈಲುಗಳ ಎರಡನೆಯ ಪ್ರತಿ ಮಾಡಿಡಿ.